ಗ್ರಾಮದ ಜನಸಂಖ್ಯೆಯೂ ಸಾಗಣೆಯ ಅನುಕೂಲವೂ

ಭೂಮಿಯು ಎಷ್ಟೇ ಫಲವತ್ತಾಗಿರಲಿ, ಮಳೆಯು ಎಷ್ಟೇ ಹದವಾಗಿ ಬೀಳಲಿ, ಬೆಳೆದ ಪದಾರ್ಥವು ಸಕಾಲದಲ್ಲಿ ಕೊಳ್ಳುವವನ ಕೈಗೆ ತಲುಪದೆ ಹೋದರೆ ಬೇಸಾಯಗಾರನ ಶ್ರಮವು ಅರ್ಧಕ್ಕರ್ಧ ವ್ಯರ್ಥವಾದಂತೆಯೇ ಸರಿ. ಆದುದರಿಂದ ಗ್ರಾಮಾಂತರದ ರಸ್ತೆಗಳ ವಿಷಯವು ಇಂಜಿನಿಯರರಿಗೆ ಮಾತ್ರ ಸೇರಿದ್ದೆಂದು ಭಾವಿಸಲಾಗದು. ಬೀಜ, ಗೊಬ್ಬರ, ನೀರುಗಳಂತೆಯೇ ಅದೂ ಬೇಸಾಯದ ಒಂದು ಅಂಗವೇ ಆಗಿರುತ್ತದೆ. ಆದರೆ ರಸ್ತೆಯು ಯಾವ ಊರಿಗೆ ಬರುತ್ತದೆ, ಯಾವ ಊರಿಗೆ ಬರುವುದಿಲ್ಲ ಎಂಬುದು ಬಹುಮಟ್ಟಿಗೆ ಆ ಊರಿನ ತಲೆ ಎಣಿಕೆಯನ್ನು ಅವಲಂಬಿಸಿದೆ ಎಂಬ ಸಂಗತಿಗೆ ಗ್ರಾಮಪ್ರಮುಖರಲ್ಲಿ ಅನೇಕರು ಸಾಕಷ್ಟು ಗಮನ ಕೊಟ್ಟಂತೆ ಕಾಣುವುದಿಲ್ಲ. ಎಣಿಕೆಯಲ್ಲಿ ಬಿಟ್ಟುಹೋದ ಮನೆಯು ರಸ್ತೆಯ ಲೆಕ್ಕದಲ್ಲಿಯೂ ಬಿಟ್ಟುಹೋಗುತ್ತದೆ. ದಾರಿ ಕೆಟ್ಟ ಊರಿನಿಂದ ಜನರು ಒಬ್ಬೊಬ್ಬರಾಗಿ ಕದಲಿ, ಮುಂದಿನ ಎಣಿಕೆಯಲ್ಲಿ ಆ ಊರು ಇನ್ನಷ್ಟು ಚಿಕ್ಕದಾಗುತ್ತದೆ. ಇವೆರಡಕ್ಕೂ ಇರುವ ಸಂಬಂಧವನ್ನೂ, ಊರಿನ ಹಿರಿಯರೂ ಹಿಡುವಳಿದಾರರೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿಂದಿನ ಅನುಭವ

ದಾರಿಗೂ ಜನಸಂಖ್ಯೆಗೂ ಇರುವ ನಂಟನ್ನು ನಮ್ಮ ನಾಡು ಬಹು ದೊಡ್ಡ ಬೆಲೆ ತೆತ್ತು ಕಲಿತಿದೆ. 1871ರಲ್ಲಿ ನಡೆದ ಖಾನೇಷುಮಾರಿಯಂತೆ ಮೈಸೂರು ಸಂಸ್ಥಾನದಲ್ಲಿ ಸುಮಾರು 50½ ಲಕ್ಷ ಜನರಿದ್ದರು. ಹತ್ತು ವರ್ಷಗಳ ತರುವಾಯ, 1881ರಲ್ಲಿ, ಆ ಸಂಖ್ಯೆಯು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದುದು 1876ರಿಂದ 1878ರವರೆಗಿನ, ಧಾತು ಈಶ್ವರ ಸಂವತ್ಸರಗಳ ಮಹಾ ಕ್ಷಾಮ. ಆಗ ಹೊರಗಿನಿಂದ ದವಸವು ಬರುತ್ತಿರಲಿಲ್ಲವೆಂದಲ್ಲ. ಮದರಾಸಿನ ಕಡೆಯಿಂದ ರೈಲುದಾರಿಯು 1864ರಲ್ಲಿಯೇ ಬೆಂಗಳೂರನ್ನು ಮುಟ್ಟಿದ್ದಿತು. ಆದರೆ ಸಂಸ್ಥಾನದೊಳಗೆ ರೈಲು ಅಲ್ಲಿಗೇ ನಿಂತಿತ್ತು. ಅಲ್ಲಿಂದ ಮುಂದಕ್ಕೆ ಎತ್ತಿನ ಬಂಡಿಯನ್ನೇ ನೆಚ್ಚಬೇಕಾಗಿತ್ತು. ಮೇವು ನೀರುಗಳಿಲ್ಲದೆ ದನಕರುಗಳು ಸತ್ತ ಮೇಲೆ ಬಂಡಿಗಳನ್ನು ಎಳೆಯುವವರು ಯಾರು? ದವಸವಿದ್ದ ಕಡೆಗೆ ಜನರು ನಡೆದು ಬರಬೇಕಾಯಿತು. ಬರಲಾರದವರು ದಾರಿಯಲ್ಲಿಯೇ ಬಿದ್ದರು.

ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿಯನ್ನು ಹಾಕುವ ಕೆಲಸವು ಆ ಕ್ಷಾಮದ ಕಾಲದಲ್ಲಿಯೇ ಬರ ಪರಿಹಾರದ ಕಾಮಗಾರಿಯಾಗಿ ಮೊದಲಾಗಿ, 1882ರಲ್ಲಿ ಮೈಸೂರನ್ನು ಮುಟ್ಟಿತು. ಅಷ್ಟರೊಳಗೆ ಆಗಬೇಕಾದ ನಷ್ಟವು ಆಗಿಹೋಗಿತ್ತು. 1891ರ ಎಣಿಕೆಯಲ್ಲಿಯೂ ಸಂಸ್ಥಾನದ ಜನಸಂಖ್ಯೆಯು 1871ರ ಮಟ್ಟವನ್ನು ಮುಟ್ಟಲಿಲ್ಲ. ಆ ಮೇಲಿನ ಕಾಲದಲ್ಲಿ ಮಳೆ ತಪ್ಪಿದ ವರ್ಷಗಳು ಎಷ್ಟೋ ಬಂದಿವೆ. ಆದರೆ ಅಂತಹ ಸಾವು ಮರಳಿ ಕಂಡುಬರದಿರುವುದಕ್ಕೆ ಸಾಗಣೆಯ ಅನುಕೂಲವೂ ಒಂದು ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಎಣಿಕೆಯಿಂದ ರಸ್ತೆ

ದೇಶಕ್ಕೆಲ್ಲ ಒಂದು ರಸ್ತೆಯ ನಕಾಶೆಯನ್ನು ಗೊತ್ತುಮಾಡುವ ಯತ್ನವು ಮೊದಲು ನಡೆದುದು 1943ರಲ್ಲಿ. ಆ ವರ್ಷ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರರ ಸಭೆಯು ರಸ್ತೆಗಳನ್ನು ದರ್ಜೆವಾರಾಗಿ ವಿಂಗಡಿಸಿ, ಚೆನ್ನಾಗಿ ಸಾಗುವಳಿಯಾದ ಪ್ರದೇಶದಲ್ಲಿ ಯಾವ ಊರೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರವಿರಬಾರದೆಂದು ಗುರಿಯನ್ನು ಹಾಕಿಕೊಟ್ಟಿತು. ಅಂದಿನ ಅಳತೆಯು ದೂರದ್ದು. ಈಗಿನ ಅಳತೆಯಲ್ಲಿ ದೂರದ ಜೊತೆಗೆ ತಲೆಗಳ ಲೆಕ್ಕವೂ ಸೇರಿದೆ.

2000ನೆಯ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲುಸೀಮೆಯ ಜನವಸತಿಗೆ 500 ಜನ, ಗುಡ್ಡಗಾಡು, ಮರುಭೂಮಿ ಮತ್ತು ಬುಡಕಟ್ಟಿನ ಪ್ರದೇಶಗಳ ಜನವಸತಿಗೆ 250 ಜನ ಎಂಬ ಮಿತಿಯನ್ನು ಇಟ್ಟು, 2001ರ ಜನಗಣತಿಯನ್ನು ಆಧಾರವಾಗಿ ತೆಗೆದುಕೊಳ್ಳಲಾಯಿತು. 2024ರ ಸೆಪ್ಟೆಂಬರಿನಲ್ಲಿ ಮಂಜೂರಾದ ಅದೇ ಯೋಜನೆಯ ನಾಲ್ಕನೆಯ ಹಂತದಲ್ಲಿ, ರಸ್ತೆಯಿಲ್ಲದ 25,000 ಜನವಸತಿಗಳಿಗೆ 62,500 ಕಿಲೋಮೀಟರು ರಸ್ತೆಯನ್ನು 2028-29ರೊಳಗೆ ಒದಗಿಸುವುದಾಗಿ ಗೊತ್ತಾಗಿದೆ. ಇಲ್ಲಿಯೂ 500 ಮತ್ತು 250ರ ಮಿತಿಗಳೇ ಮುಖ್ಯವಾದವು; ಆಧಾರ ಮಾತ್ರ 2011ರ ಜನಗಣತಿ. ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಹೆಸರಾದ ಕಡೆಗಳಲ್ಲಿ 250ರ ಮಿತಿಯು ಅನ್ವಯಿಸುವುದರಿಂದ, ನಮ್ಮಲ್ಲಿ ರಾಯಚೂರು, ಯಾದಗಿರಿ ಜಿಲ್ಲೆಗಳ ಗ್ರಾಮಪ್ರಮುಖರು ಈ ಅಂಶವನ್ನು ವಿಶೇಷವಾಗಿ ಮನಸ್ಸಿನಲ್ಲಿಡತಕ್ಕದ್ದು.

ಓದುಗರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. 2011ರಲ್ಲಿ ಬರೆದುಕೊಂಡ ಅಂಕಿಯು 2024ರಲ್ಲಿ ಮಂಜೂರಾದ ರಸ್ತೆಯನ್ನು ನಿರ್ಣಯಿಸುತ್ತಿದೆ. ಗಣತಿದಾರನು ಬಂದ ದಿವಸ ನಾಲ್ಕು ಮನೆಗಳು ಲೆಕ್ಕ ತಪ್ಪಿದರೆ ಅದರ ಫಲವನ್ನು ಆ ಊರು ಹತ್ತು ಹದಿನೈದು ವರ್ಷಗಳವರೆಗೆ ಅನುಭವಿಸಬೇಕಾಗುತ್ತದೆ.

ಈ ಯೋಜನೆಯ ನಿಯಮಗಳಲ್ಲಿ ರಸ್ತೆಯ ಲೆಕ್ಕಕ್ಕೆ ಘಟಕವಾಗಿರುವುದು ಕಂದಾಯ ಗ್ರಾಮವಲ್ಲ, ಪಂಚಾಯತಿಯೂ ಅಲ್ಲ. ಜನರು ನೆಲೆನಿಂತು ಬಾಳುವ ಜನವಸತಿ, ಎಂದರೆ ಊರು, ಹಟ್ಟಿ, ಪಾಳ್ಯ, ದೊಡ್ಡಿ, ತಾಂಡಾ ಮುಂತಾದವು. ಬಯಲುಸೀಮೆಯಲ್ಲಿ ದಾರಿಯ ಅಳತೆಯಿಂದ 500 ಮೀಟರಿನೊಳಗಿರುವ ಜನವಸತಿಗಳನ್ನು ಒಟ್ಟುಗೂಡಿಸಿ ಅವುಗಳ ಜನಸಂಖ್ಯೆಯನ್ನು ಕೂಡಿಸಬಹುದು. ಗುಡ್ಡಗಾಡಿನಲ್ಲಿ ಈ ದೂರವು 1½ ಕಿಲೋಮೀಟರು. ಉದಾಹರಣೆಗಾಗಿ, ಒಂದು ಊರಿನಲ್ಲಿ 310 ಜನ, ಅದರ ಮಗ್ಗುಲಿನ ಪಾಳ್ಯದಲ್ಲಿ 120 ಜನ, ಇನ್ನೊಂದು ಹಟ್ಟಿಯಲ್ಲಿ 90 ಜನ ಇದ್ದಾರೆಂದು ಇಟ್ಟುಕೊಳ್ಳೋಣ. ಒಟ್ಟು 520, ಮಿತಿ ದಾಟಿತು. ಹಟ್ಟಿಯ 90 ಜನರನ್ನು ಯಾರೂ ಕೂಡಿಸದಿದ್ದರೆ ಉಳಿಯುವುದು 430. ಆ ರಸ್ತೆಯು ಮೂರು ಕಡೆಗೂ ಇಲ್ಲವಾಯಿತು. ಹಟ್ಟಿಯವರ ಎಣಿಕೆಯು ಹಟ್ಟಿಯವರಿಗೆ ಮಾತ್ರ ಸಂಬಂಧಪಟ್ಟದ್ದಲ್ಲವೆಂಬುದು ಇದರಿಂದ ತಿಳಿಯುವುದು.

ಬಿಟ್ಟುಹೋಗುವ ಮನೆಗಳು

2011ರ ಗಣತಿಯಂತೆ ಕರ್ನಾಟಕದಲ್ಲಿ 6 ಕೋಟಿ 11 ಲಕ್ಷ ಜನರಿದ್ದು, ಅವರಲ್ಲಿ ಸುಮಾರು 3 ಕೋಟಿ 75 ಲಕ್ಷ, ಎಂದರೆ ನೂರಕ್ಕೆ 61 ಮಂದಿ, ಗ್ರಾಮವಾಸಿಗಳು. ಪಟ್ಟಿಯಲ್ಲಿ ಕಂಡ 29,340 ಗ್ರಾಮಗಳ ಪೈಕಿ ಸುಮಾರು 2,000 ಗ್ರಾಮಗಳಲ್ಲಿ ಜನವಸತಿಯೇ ಇಲ್ಲ. ಇಂತಹವನ್ನು ಕಂದಾಯದ ದಾಖಲೆಗಳಲ್ಲಿ ಬೇಚರಾಕ್ ಗ್ರಾಮಗಳೆಂದು ಕರೆಯುತ್ತಾರೆ. ಪಾರಸಿಯ ಮೂಲದಲ್ಲಿ ಇದಕ್ಕೆ ದೀಪವಿಲ್ಲದ್ದು ಎಂದು ಅರ್ಥ. ಇದಕ್ಕೆ ವಿರುದ್ಧವಾಗಿ, ದೀಪವಿದ್ದರೂ ದಾಖಲೆಯಲ್ಲಿ ಹೆಸರಿಲ್ಲದ ಜನವಸತಿಗಳೂ ಬಹಳವಾಗಿದ್ದುವು. ಇವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸವು ಈಚಿನ ವರ್ಷಗಳಲ್ಲಿ ನಡೆದು, 2023ನೆಯ ಜನವರಿಯಲ್ಲಿ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಕೊಡುವ ಸಮಾರಂಭವು ಜರುಗಿತು. ಅದರಲ್ಲಿ ಬಹುಪಾಲು ಲಂಬಾಣಿ ತಾಂಡಾಗಳವರು. ಆದರೂ ಜನಗಣತಿಯು ಅಂಕಿಗಳನ್ನು ಪ್ರಕಟಿಸುವುದು ಕಂದಾಯ ಗ್ರಾಮಗಳ ಪ್ರಕಾರವಾಗಿ. ಒಂದು ಗ್ರಾಮಕ್ಕೆ ಸೇರಿದ ನಾಲ್ಕು ಮಜರೆಗಳ ಜನರು ಪುಸ್ತಕದಲ್ಲಿ ಒಂದೇ ಅಂಕಿಯಾಗಿ ಕಾಣುತ್ತಾರೆ. ಮಜರೆವಾರು ಲೆಕ್ಕವು ಬೇಕಾದಾಗ ಅದನ್ನು ಒದಗಿಸಬೇಕಾದವರು ಊರಿನವರೇ.

ಮನೆಗಳು ಲೆಕ್ಕ ತಪ್ಪಲು ಮುಖ್ಯ ಕಾರಣಗಳು ಮೂರು. ಮೊದಲನೆಯದು, ಹೊಲದಲ್ಲಿ ಮನೆ ಕಟ್ಟಿಕೊಂಡವರನ್ನೂ ಊರಾಚೆ ಇರುವವರನ್ನೂ ಊರಿನ ಒಳಗಿನವರು ತಮ್ಮ ಊರಿನ ಮಾತಿನಲ್ಲಿ ಸೇರಿಸದಿರುವುದು. ಎರಡನೆಯದು, ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯುವುದಕ್ಕೂ ಕಾಫಿ ತೋಟಗಳಿಗೂ ಪಟ್ಟಣದ ಕಟ್ಟಡದ ಕೆಲಸಗಳಿಗೂ ಕುಟುಂಬ ಸಮೇತ ಹೋಗುವವರು. 2011ರಲ್ಲಿ ಎಣಿಕೆ ನಡೆದುದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ. ನಡುವೆ ಮರಳಿ ಬಂದವರನ್ನು ಸೇರಿಸಬಹುದಾಗಿತ್ತು. ಮೂರನೆಯದು, ಹೆಸರು ಬರೆಸಿದರೆ ತೆರಿಗೆಯೋ ತೊಂದರೆಯೋ ಬಂದೀತೆಂಬ ಹಳೆಯ ಅಂಜಿಕೆ. 1948ರ ಜನಗಣತಿ ಕಾಯಿದೆಯಂತೆ ಒಬ್ಬೊಬ್ಬರು ಕೊಟ್ಟ ವಿವರವೂ ಗೋಪ್ಯವಾಗಿರುತ್ತದೆ. ಈ ಅಂಜಿಕೆಗೆ ಆಧಾರವಿಲ್ಲ.

2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಕೋವಿಡ್ ವ್ಯಾಧಿಯ ದೆಸೆಯಿಂದ ಮುಂದಕ್ಕೆ ಹೋಯಿತು. 2025ನೆಯ ಜೂನ್ 16ರ ಅಧಿಸೂಚನೆಯಲ್ಲಿ, ಹಿಮ ಬೀಳುವ ಪ್ರದೇಶಗಳನ್ನುಳಿದು ದೇಶದ ಮಿಕ್ಕೆಲ್ಲ ಕಡೆಗಳಿಗೆ, 2027ನೆಯ ಮಾರ್ಚ್ 1ನೆಯ ತಾರೀಖು ಮೊದಲಾಗುವ ನಡುರಾತ್ರಿಯನ್ನು ಎಣಿಕೆಯ ಕ್ಷಣವಾಗಿ ಗೊತ್ತುಪಡಿಸಿದೆ. ಮುಂದಿನ ರಸ್ತೆಗಳು, ಶಾಲೆಗಳು, ಆಸ್ಪತ್ರೆಗಳು ಈ ಅಂಕಿಗಳನ್ನೇ ಆಧಾರ ಮಾಡಿಕೊಳ್ಳುವುದು ಸಹಜ. ಅಷ್ಟೇ ಅಲ್ಲದೆ, ನಮ್ಮ ರಾಜ್ಯದ 1993ರ ಪಂಚಾಯತಿ ಕಾಯಿದೆಯು 400 ಜನರಿಗೆ ಒಬ್ಬರಂತೆ ಸದಸ್ಯರನ್ನು ಗೊತ್ತುಮಾಡಿರುವುದರಿಂದ ಪಂಚಾಯತಿಯಲ್ಲಿ ಊರಿನ ದನಿಯೂ ಎಣಿಕೆಗೆ ತಕ್ಕಂತೆಯೇ ಇರುತ್ತದೆ.

ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳಿದ್ದ ಕಾಲದಲ್ಲಿ ಊರಿನ ಮನೆಮನೆಯ ಲೆಕ್ಕವು ಅವರ ಬಾಯಲ್ಲಿರುತ್ತಿತ್ತು. 1961ರ ಕಾಯಿದೆಯಿಂದ ಆ ಹುದ್ದೆಗಳು ರದ್ದಾದುವು. ಆದರೆ ಆ ತಿಳಿವಳಿಕೆಯ ಅವಶ್ಯಕತೆಯು ರದ್ದಾಗಲಿಲ್ಲ. ಈಗ ಅದು ಪಂಚಾಯತಿಯ ಸದಸ್ಯರ ಮತ್ತು ಊರಿನ ಹಿರಿಯರ ಹೊಣೆ. ಊರು, ಮಜರೆ, ಹೊಲದ ಮನೆಗಳನ್ನು ಬೇರೆ ಬೇರೆಯಾಗಿ ಬರೆದು, ಮನೆಗಳೆಷ್ಟು, ಜನರೆಷ್ಟು, ರಸ್ತೆಗೆ ದೂರವೆಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ನಮೂದಿಸಿ ಗ್ರಾಮಸಭೆಯಲ್ಲಿ ಓದಿಸಿ ಇಟ್ಟುಕೊಳ್ಳತಕ್ಕದ್ದು. ಗಣತಿದಾರರು ಬಂದಾಗ ಅವರನ್ನು ಕಡೆಯ ಮನೆಯವರೆಗೂ ಕರೆದುಕೊಂಡು ಹೋಗಲು ಒಬ್ಬ ತಿಳಿದವನನ್ನು ಜೊತೆಗೆ ಕಳುಹಿಸತಕ್ಕದ್ದು. ಇದ್ದವರನ್ನು ಬಿಡಬಾರದೆಂಬುದು ಎಷ್ಟು ಮುಖ್ಯವೋ, ಇಲ್ಲದವರನ್ನು ಬರೆಸಬಾರದೆಂಬುದೂ ಅಷ್ಟೇ ಮುಖ್ಯ. ಬೇಕೆಂದೇ ಸುಳ್ಳು ಉತ್ತರ ಕೊಡುವುದು ಕಾಯಿದೆಯಂತೆ ಅಪರಾಧವಾಗಿರುತ್ತದೆ.

ಜಮೀನಿನ ಪ್ರಶ್ನೆ

ಎಣಿಕೆಯು ಸರಿಯಾಗಿದ್ದು ರಸ್ತೆ ಮಂಜೂರಾದರೂ ಕೆಲಸವು ನಿಲ್ಲುವುದು ಬಹುಮಟ್ಟಿಗೆ ಜಮೀನಿನಲ್ಲಿ. ಸಡಕ್ ಯೋಜನೆಯ ಹಣವನ್ನು ಜಮೀನು ಕೊಳ್ಳುವುದಕ್ಕೆ ಉಪಯೋಗಿಸುವಂತಿಲ್ಲ. ಜಮೀನನ್ನು ಒದಗಿಸಿಕೊಡುವುದು ರಾಜ್ಯದ ಮತ್ತು ಸ್ಥಳೀಕರ ಪಾಲಿನದು. ಆದುದರಿಂದ ಇಂಜಿನಿಯರರು ಪಂಚಾಯತಿಯವರೊಡನೆಯೂ ಕಂದಾಯದವರೊಡನೆಯೂ ದಾರಿಯುದ್ದಕ್ಕೂ ನಡೆದು ನೋಡಿ ಎಲ್ಲಿ ಎಷ್ಟು ಅಗಲ ಬೇಕೆಂಬುದನ್ನು ಗೊತ್ತುಮಾಡುವ ಪದ್ಧತಿಯಿದೆ. ಹಿಡುವಳಿದಾರರು ಈ ನಡಿಗೆಯ ದಿವಸ ತಪ್ಪದೆ ಹಾಜರಿರಬೇಕು. ತಕರಾರನ್ನು ಅಂದೇ ಹೇಳಿದರೆ ತಿರುವನ್ನು ಬದಲಿಸಬಹುದು. ಜಲ್ಲಿ ಬಿದ್ದ ಮೇಲೆ ಹೇಳಿದರೆ ಊರಿಗೆಲ್ಲ ನಷ್ಟ.

ಹೋಗುವ ಜಮೀನಾದರೂ ಎಷ್ಟು? ಸಾಧಾರಣವಾಗಿ ಗ್ರಾಮದ ರಸ್ತೆಯಲ್ಲಿ ಗಾಡಿ ಓಡುವ ಭಾಗದ ಅಗಲವು 3¾ ಮೀಟರು. ಸಂಚಾರವು ಕಡಮೆಯಿದ್ದಲ್ಲಿ 3 ಮೀಟರು. ಅಂಚಿಗೂ ಚರಂಡಿಗೂ ಬೇರೆ ಜಾಗ ಬೇಕು. ಈಗಿರುವ ಬಂಡಿದಾರಿಗೆ ಇನ್ನೂ 3 ಮೀಟರು ಅಗಲವನ್ನು 1 ಕಿಲೋಮೀಟರಿನ ಉದ್ದಕ್ಕೂ ಸೇರಿಸಬೇಕಾದರೆ ಬೇಕಾಗುವುದು ಸುಮಾರು 30 ಗುಂಟೆ. ಅದು ಇಪ್ಪತ್ತು ಮಂದಿ ಖಾತೆದಾರರಲ್ಲಿ ಹಂಚಿಹೋದರೆ ಸರಾಸರಿ ಒಬ್ಬರಿಗೆ ಒಂದೂವರೆ ಗುಂಟೆ. ಆದರೆ ಸರಾಸರಿಯು ಎಲ್ಲರಿಗೂ ನ್ಯಾಯವಲ್ಲ. ಐದು ಎಕರೆಯವನಿಗೆ ಒಂದೂವರೆ ಗುಂಟೆ ಹಗುರ. ಹತ್ತು ಗುಂಟೆಯವನಿಗೆ ಅದು ಭಾರ. ದೊಡ್ಡ ಹಿಡುವಳಿಯವರು ತಮ್ಮ ಮಗ್ಗುಲಿನಿಂದ ಹೆಚ್ಚು ಬಿಟ್ಟುಕೊಟ್ಟು ಬಡವನ ಬದುವನ್ನು ಉಳಿಸುವುದು ಅವರ ಯೋಗ್ಯತೆಗೆ ತಕ್ಕ ಕೆಲಸವಾಗಿರುತ್ತದೆ.

ಅನೇಕ ಕಡೆಗಳಲ್ಲಿ ಹೊಸದಾಗಿ ಜಮೀನು ಬಿಡಬೇಕಾದ ಅಗತ್ಯವೇ ಇರುವುದಿಲ್ಲ. ಗ್ರಾಮದ ನಕಾಶೆಯಲ್ಲಿ ಬಂಡಿದಾರಿಯನ್ನು ಗುರುತು ಮಾಡಿರುತ್ತದೆ. ಎರಡು ಮಗ್ಗುಲಿನವರೂ ವರ್ಷಕ್ಕೊಂದು ನೇಗಿಲ ಸಾಲಿನಷ್ಟು ಒತ್ತುತ್ತ ಬಂದು, ಎರಡು ಬಂಡಿ ಹಾಯುತ್ತಿದ್ದ ದಾರಿಯು ಒಂದು ಎತ್ತು ಹಾಯುವಷ್ಟಕ್ಕೆ ಇಳಿದಿರುವುದು ಸಾಮಾನ್ಯ. ಭೂಮಾಪಕರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಿದರೆ ಅರ್ಧ ರಸ್ತೆ ಆದಂತೆಯೇ. ಇನ್ನು ಬಿಟ್ಟುಕೊಟ್ಟ ಜಮೀನಿಗೆ ಬರಹದ ದಾಖಲೆಯಿರಲೇಬೇಕು. ತಂದೆಯು ಬಾಯಿಮಾತಿನಲ್ಲಿ ಕೊಟ್ಟದ್ದು ಮಗನ ಕಾಲಕ್ಕೆ ವ್ಯಾಜ್ಯವಾಗುವುದನ್ನು ಎಲ್ಲರೂ ಕಂಡಿದ್ದಾರೆ.

ರಸ್ತೆಯ ಸಂರಕ್ಷಣೆ

ಸರ್ವಋತು ರಸ್ತೆಯೆಂದರೆ ಡಾಂಬರು ಹಾಕಿದ ರಸ್ತೆಯೆಂದೇ ಅರ್ಥವಲ್ಲ. ಮಳೆಗಾಲದಲ್ಲಿಯೂ ಸಂಚಾರ ನಿಲ್ಲದ ರಸ್ತೆಯೆಂದು ಅರ್ಥ. ಅದನ್ನು ಸರ್ವಋತುವನ್ನಾಗಿ ಮಾಡುವುದು ಹಳ್ಳಗಳ ಮೇಲಣ ಮೋರಿ ಸೇತುವೆಗಳು ಮತ್ತು ನೀರು ಹರಿದುಹೋಗುವ ಚರಂಡಿಗಳು. ರಸ್ತೆಯ ಮುಖ್ಯ ಶತ್ರುವು ಗಾಡಿಯಲ್ಲ, ನಿಂತ ನೀರು. ಸಡಕ್ ಯೋಜನೆಯ ರಸ್ತೆಯನ್ನು ಕಂಟ್ರಾಕ್ಟರನೇ 5 ವರ್ಷಗಳವರೆಗೆ ಸುಸ್ಥಿತಿಯಲ್ಲಿಡಬೇಕೆಂಬ ಷರತ್ತಿರುತ್ತದೆ. ರಸ್ತೆಯ ಬದಿಯ ಫಲಕವನ್ನು ಓದಿ, ಕೆಲಸ ಮುಗಿದ ತಾರೀಖನ್ನು ಗುರುತಿಟ್ಟುಕೊಂಡು, ಆ ಅವಧಿಯಲ್ಲಿ ಆದ ಹಾಳನ್ನು ಬರಹದ ಮೂಲಕ ಸಂಬಂಧಪಟ್ಟ ಇಂಜಿನಿಯರರಿಗೆ ತಿಳಿಸತಕ್ಕದ್ದು. ಇದಲ್ಲದೆ ಊರಿನವರು ಈ ಕೆಳಗೆ ಕಂಡ ವಿಷಯಗಳಲ್ಲಿ ಎಚ್ಚರವಹಿಸಬೇಕು:

(1) ಮುಂಗಾರಿಗೆ ಮೊದಲು ಚರಂಡಿಗಳ ಹೂಳನ್ನೂ ಮೋರಿಯ ಬಾಯಿಗೆ ಸಿಕ್ಕಿದ ಕಸಕಡ್ಡಿಯನ್ನೂ ತೆಗೆಯಿಸುವುದು.

(2) ಗದ್ದೆಯ ಹೆಚ್ಚಿನ ನೀರನ್ನು ರಸ್ತೆಯ ಮೇಲಕ್ಕೆ ಬಿಡದಿರುವುದು. ಬದುವಿನ ಮಣ್ಣಿಗಾಗಿ ರಸ್ತೆಯ ಅಂಚನ್ನು ಕಡಿಯದಿರುವುದು.

(3) ನೀರಿನ ಕೊಳವೆಯನ್ನು ಒಯ್ಯುವುದಕ್ಕಾಗಿ ರಸ್ತೆಯನ್ನು ಅಡ್ಡಲಾಗಿ ಅಗೆಯದಿರುವುದು. ಅಗತ್ಯವಿದ್ದರೆ ಅಪ್ಪಣೆ ಪಡೆದು ಮೋರಿಯ ಬಳಿ ಹಾಯಿಸುವುದು.

(4) ಕೆಸರುಗದ್ದೆಗೆ ಹಾಕುವ ಕಬ್ಬಿಣದ ಕೇಜ್ ಚಕ್ರಗಳನ್ನು ಕಳಚದೆ ಟ್ರ್ಯಾಕ್ಟರನ್ನು ರಸ್ತೆಯ ಮೇಲೆ ಓಡಿಸದಿರುವುದು. ಹಲವು ಮಳೆಗಾಲಗಳು ಮಾಡುವ ಹಾನಿಯನ್ನು ಈ ಚಕ್ರವು ಒಂದು ದಿವಸದಲ್ಲಿ ಮಾಡಬಲ್ಲುದು.

(5) ಹುರುಳಿ, ರಾಗಿ ಮುಂತಾದುವನ್ನು ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡದಿರುವುದು. ಹುರುಳಿಯ ಸೊಪ್ಪು ವಾಹನದ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತುವುದುಂಟು. ಬೈಸಿಕಲ್ ಮತ್ತು ಮೋಟಾರ್ ಬೈಕಿನವರು ಜಾರಿ ಬೀಳುವುದಂತೂ ನಿತ್ಯದ ಮಾತು. ಊರೊಟ್ಟಿನ ಒಂದು ಕಣವನ್ನು ಮಾಡಿಕೊಂಡರೆ ಈ ತೊಂದರೆಯೇ ಇರುವುದಿಲ್ಲ.

ರಸ್ತೆ ಬಂದ ಮೇಲೆ

ರಸ್ತೆಯಾದೊಡನೆ ಊರಿನ ದಾರಿದ್ರ್ಯವು ತಾನಾಗಿಯೇ ಹೋಗುವುದೆಂದು ತಿಳಿಯಬಾರದು. ಮೇಲೆ ಹೇಳಿದ 500ರ ಮಿತಿಯ ಆಚೀಚಿನ ಊರುಗಳನ್ನು ಹೋಲಿಸಿ ನೋಡಿದ ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ ಎಂಬ ಅರ್ಥಶಾಸ್ತ್ರಜ್ಞರ ಲೇಖನವು 2020ರಲ್ಲಿ ಪ್ರಕಟವಾಯಿತು. ರಸ್ತೆ ಬಂದ ನಾಲ್ಕು ವರ್ಷಗಳ ತರುವಾಯ ಕಂಡ ಮುಖ್ಯ ಬದಲಾವಣೆಯೆಂದರೆ ಬೇಸಾಯದ ಕೆಲಸವನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರು ಹೆಚ್ಚಿದುದು. ಬೆಳೆಗಳಲ್ಲಾಗಲಿ, ಜನರ ವರಮಾನದಲ್ಲಾಗಲಿ ದೊಡ್ಡ ಏರಿಕೆಯು ಕಂಡುಬರಲಿಲ್ಲ. ಕೂಲಿಯಾಳುಗಳು ಸಿಗುವುದಿಲ್ಲವೆಂದು ದೂರುವ ಹಿಡುವಳಿದಾರರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಆದರೆ ಇದರಿಂದ ರಸ್ತೆಯೇ ಬೇಡವೆನ್ನುವುದು ಸರಿಯಲ್ಲ. ರಸ್ತೆಯಿದ್ದರೆ ಪಟ್ಟಣದಲ್ಲಿ ದುಡಿಯುವವನು ರಾತ್ರಿ ಊರಿಗೆ ಬಂದು ಮಲಗುತ್ತಾನೆ, ಅವನ ಮಕ್ಕಳು ಊರಿನ ಶಾಲೆಯಲ್ಲಿಯೇ ಓದುತ್ತಾರೆ. ರಸ್ತೆಯಿಲ್ಲದಿದ್ದರೆ ಅವನು ಸಂಸಾರ ಸಮೇತ ಹೊರಟುಹೋಗುತ್ತಾನೆ. ಮೊದಲನೆಯವನು ಊರಿನ ಎಣಿಕೆಯಲ್ಲಿ ಉಳಿಯುತ್ತಾನೆ, ಎರಡನೆಯವನು ಉಳಿಯುವುದಿಲ್ಲ. ಹೆರಿಗೆಯ ಬೇನೆಯ ಹೊತ್ತಿನಲ್ಲಿಯೂ ಹಾವು ಕಡಿದ ಹೊತ್ತಿನಲ್ಲಿಯೂ 108ರ ಗಾಡಿಯು ಬಾಗಿಲಿಗೆ ಬರುವುದೇ ಇಲ್ಲವೇ ಎಂಬುದಕ್ಕೆ ಲಾಭನಷ್ಟಗಳ ಲೆಕ್ಕವೇ ಬೇಕಾಗಿಲ್ಲ.

ಬೇಸಾಯಕ್ಕೆ ಫಲ ಬರಬೇಕಾದರೆ ರಸ್ತೆಯನ್ನು ಉಪಯೋಗಿಸುವ ಬಗೆಯನ್ನು ಊರಿನವರು ಗೊತ್ತುಮಾಡಿಕೊಳ್ಳಬೇಕು. ಬೇಗ ಕೆಡುವ ಪದಾರ್ಥಗಳಿಗೆ ದಾರಿಯ ಬೆಲೆ ಹೆಚ್ಚು. ಹಾಲು ಬೆಳಗು ಬೈಗು ಎರಡು ಹೊತ್ತೂ ಸಂಘಕ್ಕೆ ತಲುಪಬೇಕು. ರೇಷ್ಮೆಯ ಗೂಡನ್ನು ಹುಳುವು ಗೂಡು ಕಟ್ಟತೊಡಗಿದ ಐದಾರು ದಿವಸಕ್ಕೆ ಬಿಡಿಸಿ ರಾಮನಗರ, ಶಿಡ್ಲಘಟ್ಟ ಮುಂತಾದ ಮಾರುಕಟ್ಟೆಗಳಿಗೆ ಮುಟ್ಟಿಸಬೇಕು. ತಡವಾದರೆ ಚಿಟ್ಟೆಯು ಗೂಡನ್ನು ತೂತು ಮಾಡಿಕೊಂಡು ಹೊರಬಂದು ನೂಲು ತೆಗೆಯಲು ಬಾರದಂತಾಗುತ್ತದೆ. ಕಡಿದ ಕಬ್ಬು ಗದ್ದೆಯಲ್ಲಿ ಬಿದ್ದಷ್ಟೂ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಇಂತಹ ಬೆಳೆಗಳಿರುವ ಊರಿನಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಗಾಡಿಯನ್ನು ಬಾಡಿಗೆಗೆ ಹಿಡಿಯುವ ಬದಲು, ಸಹಕಾರ ಸಂಘದ ಮೂಲಕ ವಾರದ ಗೊತ್ತಾದ ದಿವಸಗಳಲ್ಲಿ ಒಂದೇ ಗಾಡಿಯನ್ನು ಮಾಡಿಕೊಂಡರೆ ಬಾಡಿಗೆಯು ಹಂಚಿಹೋಗುತ್ತದೆ. ಚಿಕ್ಕ ಹಿಡುವಳಿಯವನ ಎರಡು ಬುಟ್ಟಿ ತರಕಾರಿಯೂ ಮಾರುಕಟ್ಟೆ ಕಾಣುತ್ತದೆ.

ಒಟ್ಟಿನಲ್ಲಿ, ಗ್ರಾಮಪ್ರಮುಖರು ಕೈಗೊಳ್ಳಬೇಕಾದ ಕಾರ್ಯಗಳು ಮೂರು: ಕಡೆಯ ಹಟ್ಟಿಯ ಕಡೆಯ ಮನೆಯವರೆಗೂ ಎಣಿಕೆಯನ್ನು ಸರಿಯಾಗಿ ಮಾಡಿಸುವುದು, ದಾರಿಗೆ ಬೇಕಾದ ಜಮೀನನ್ನು ವ್ಯಾಜ್ಯವಿಲ್ಲದೆ ನ್ಯಾಯವಾಗಿ ಒದಗಿಸಿಕೊಡುವುದು, ಆದ ರಸ್ತೆಯನ್ನು ತಮ್ಮ ಮನೆಯ ಅಂಗಳದಂತೆ ಕಾಪಾಡಿಕೊಳ್ಳುವುದು. ಇವುಗಳಲ್ಲಿ ಮೊದಲನೆಯದಕ್ಕೆ ಹಣವೇ ಬೇಕಾಗಿಲ್ಲ. ಒಂದು ಪುಸ್ತಕ, ಒಂದು ಲೇಖನಿ ಮತ್ತು ಊರಿನಲ್ಲಿ ಯಾರನ್ನೂ ಹೊರಗಿನವರೆಂದು ಎಣಿಸದ ಮನಸ್ಸು ಇದ್ದರೆ ಸಾಕು. ಗಣತಿದಾರರು ಬಾಗಿಲಿಗೆ ಬರುವುದಕ್ಕೆ ಮುಂಚೆಯೇ ಮಜರೆವಾರು ಪುಸ್ತಕವನ್ನು ಸಿದ್ಧಪಡಿಸಿಕೊಳ್ಳುವ ಊರು ಮುಂದಿನ ಹತ್ತಾರು ವರ್ಷಗಳ ತನ್ನ ಹಕ್ಕನ್ನು ಭದ್ರಮಾಡಿಕೊಂಡಂತೆಯೇ ಆಗುವುದು.